ಒಂದು ಪಾಯಿಂಟ್ ಒಂದರ ಬಿಲ್ಲೆ

ನಮ್ಮವರನ್ನು ಕ್ಲಬ್ಬಿನಲ್ಲಿ ಎಲ್ಲರೂ ಬಿಲ್ಲೆ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಡಾಕ್ಟರಿಕೆ ಹಾಗಿರಲಿ, ಇವರು ಹೈಸ್ಕೂಲನ್ನೂ ಪೂರ್ತಿ ಮುಗಿಸಿದವರಲ್ಲ. ರೈಫಲ್ ಕ್ಲಬ್ಬಿನ ರಿಪೇರಿ ಕೋಣೆಯಲ್ಲಿ ಮೂವತ್ತೊಂದು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಉಕ್ಕಿನ ಬಿಲ್ಲೆಗಳಿಗೆ ತೂತು ಕೊರೆದವರು. ಆ ಸ್ಟೂಲಿನ ಒಂದು ಕಾಲು ಗಿಡ್ಡ. ಎಲ್ಲರ ರೈಫಲ್ಲುಗಳನ್ನೂ ಸರಿಮಾಡಿ ಕೊಟ್ಟ ಮನುಷ್ಯ ತನ್ನ ಸ್ಟೂಲಿನ ಕಾಲಿಗೆ ಮಾತ್ರ ಕೊನೆಯವರೆಗೂ ಮಡಿಸಿದ ರಟ್ಟನ್ನೇ ಇಟ್ಟುಕೊಂಡಿದ್ದರು.

ನಾನು ಅವರ ಹೆಂಡತಿ. ಗುರಿಕಾರರು ತೊಡುವ ದಪ್ಪ ಕ್ಯಾನ್ವಾಸ್ ಕೋಟು ಹೊಲಿಯುವುದು ನನ್ನ ಕಸುಬು. ಕ್ಲಬ್ಬಿನವರ ಭುಜ, ಮೊಣಕೈಗಳ ಅಳತೆಯೆಲ್ಲ ನನ್ನ ಹತ್ತಿರ, ಅವರ ಕಣ್ಣಿನ ಅಳತೆಯೆಲ್ಲ ಇವರ ಹತ್ತಿರ. ನಮ್ಮಿಬ್ಬರಿಗೆ ಜಗಳವಾದರೆ ಅರ್ಧ ಜಗಳ ಮಿಲಿಮೀಟರಿನಲ್ಲೇ ನಡೆಯುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೆಸರು, ಅದೇನೂ ಸುಳ್ಳಲ್ಲ. ಇವರ ಬಗ್ಗೆ ಬೇರೆ ಯಾರನ್ನು ಕೇಳಿದರೂ ದೇವರಂಥ ಮನುಷ್ಯ ಎಂದು ಹೇಳಿ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅಷ್ಟರಲ್ಲಿ ಮುಗಿಯುವುದು ನನಗೆ ಇಷ್ಟವಿಲ್ಲ.

ಬಿಲ್ಲೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ರೈಫಲ್ಲಿನ ಹಿಂಭಾಗದಲ್ಲಿ, ಕಣ್ಣಿಗೆ ತೀರ ಹತ್ತಿರ, ಅಂಗಿಯ ಗುಂಡಿಯಷ್ಟು ಅಗಲದ ಒಂದು ಕರಿ ಬಿಲ್ಲೆ ಇರುತ್ತದೆ. ಅದರ ನಡುವೆ ಒಂದು ಸಣ್ಣ ತೂತು. ಗುರಿಕಾರ ಆ ತೂತಿನೊಳಗಿಂದ ನಳಿಕೆಯ ತುದಿಯಲ್ಲಿರುವ ಬಳೆಯನ್ನೂ, ಬಳೆಯ ಆಚೆಗಿನ ಕಪ್ಪು ಚುಕ್ಕೆಯನ್ನೂ ಒಂದರೊಳಗೊಂದು ಕೂರಿಸಬೇಕು. ತೂತು ಸಣ್ಣದಾದಷ್ಟೂ ಅಂಚು ಸ್ಪಷ್ಟ, ಆದರೆ ಕತ್ತಲೆ. ದೊಡ್ಡದಾದಷ್ಟೂ ಬೆಳಕು, ಆದರೆ ಅಂಚು ಮಸುಕು. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಅಳತೆ ಒಗ್ಗುತ್ತದೆ, ಅದನ್ನು ಹುಡುಕಿ ಕೊಡುವುದೇ ಇವರ ಕೆಲಸ. ಒಂದು ಮಿಲಿಮೀಟರು, ಒಂದು ಪಾಯಿಂಟ್ ಒಂದು, ಒಂದು ಪಾಯಿಂಟ್ ಎರಡು, ಹೀಗೆ. ಆ ಪಾಯಿಂಟ್ ಒಂದಕ್ಕೆ ಇವರು ಒಬ್ಬರನ್ನು ಅರ್ಧ ದಿನ ಕೂರಿಸಿಕೊಳ್ಳುತ್ತಿದ್ದರು. ನನ್ನ ಹತ್ತಿರ ಕೋಟಿನ ಅಳತೆಗೆ ಬಂದವರು, "ಅಮ್ಮಾ, ಯಜಮಾನ್ರಿಗೆ ಸ್ವಲ್ಪ ಹೇಳಿ, ಹೊಟ್ಟೆ ಹಸೀತಿದೆ," ಅನ್ನುತ್ತಿದ್ದರು.

ಇವರದೊಂದು ನಿಯಮವಿತ್ತು. ಯಾರಾದರೂ ಬಂದು ನನ್ನ ತೂತು ಸ್ವಲ್ಪ ದೊಡ್ಡದು ಮಾಡಿಕೊಡಿ ಎಂದರೆ ಒಂದು ಸಲ ಮಾಡಿಕೊಡುತ್ತಿದ್ದರು. ಎರಡನೇ ಸಲ ಕೇಳಿದರೆ ಡ್ರಿಲ್ಲು ಮುಟ್ಟುತ್ತಿರಲಿಲ್ಲ.

"ಕಣ್ಣಿನ ಡಾಕ್ಟ್ರ ಚೀಟಿ ತನ್ನಿ, ಆಮೇಲೆ ನೋಡೋಣ."

"ತೂತು ಕೊರೆಯೋಕೆ ಚೀಟಿ ಯಾಕ್ರೀ?"

"ಲೈಟು ಅದೇ, ತೂತು ಅದೇ. ಆದ್ರೂ ಕತ್ತಲೆ ಆಯ್ತು ಅಂದ್ರೆ ಬದಲಾಗಿರೋದು ಕಣ್ಣು."

ಬಿಲ್ಲೆ ಡಾಕ್ಟ್ರು ಅನ್ನುವ ಹೆಸರು ಬಂದದ್ದೇ ಹಾಗೆ. ನಿವೃತ್ತರಾಗಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು ಮುಖ ಗಂಟು ಹಾಕಿಕೊಂಡು ಹೋದವರು, ಪೊರೆ ತೆಗೆಸಿಕೊಂಡು ಬಂದು ಇವರ ಚಿತ್ರ ಬರೆದುಕೊಟ್ಟರು. ಚಿತ್ರದಲ್ಲಿ ಇವರ ಮೂಗು ಇದ್ದದ್ದಕ್ಕಿಂತ ಚೆನ್ನಾಗಿದೆ. ಬೇಕರಿಯವನೊಬ್ಬನಿಗೆ ಸಕ್ಕರೆ ಕಾಯಿಲೆ ಇರುವುದು ಪತ್ತೆಯಾಗಿದ್ದೂ ಹೀಗೆಯೇ. ಹಿಂದಿನಿಂದ ನಗುವವರು ನಗುತ್ತಿದ್ದರು. ಇವರು ಯಾವುದನ್ನೂ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು, ಅದನ್ನೂ ಹೇಳಲೇಬೇಕು. ಯಾವ ವಸ್ತು ಆದರೂ ಅದರ ಜಾಗದಲ್ಲೇ ಇರಬೇಕು. ನಾನು ಕತ್ತರಿಯನ್ನು ಎಲ್ಲಿ ಬಿಸಾಡಿದರೂ ಅದು ಮತ್ತೆ ಕಿಟಕಿಯ ಪಕ್ಕದ ಮೊಳೆಗೆ ಬಂದು ತೂಗುತ್ತಿತ್ತು. ರೇಡಿಯೋದ ದನಿ ಯಾರು ಹೆಚ್ಚಿಸಿದರೂ, ಅತ್ತ ಹೋಗುವಾಗ ಇವರ ಕೈ ತಾನಾಗಿ ಗುಂಡಿಯನ್ನು ಅದೇ ಗೆರೆಗೆ ತಿರುಗಿಸಿಬಿಡುತ್ತಿತ್ತು. "ನಾನು ಹಾಡು ಕೇಳ್ತಿದ್ದೀನಿ, ಕಾಣಿಸ್ತಿಲ್ವಾ?" ಎಂದು ನಾನು ಸಿಡುಕಿದರೆ ಇವರಿಗೆ ನಿಜವಾಗಿಯೂ ಆಶ್ಚರ್ಯ. ತಾನು ಗುಂಡಿ ಮುಟ್ಟಿದ್ದೇ ಇವರಿಗೆ ಗೊತ್ತಿರುತ್ತಿರಲಿಲ್ಲ.

ಇನ್ನು ನನ್ನ ನಾದಿನಿ. ಇವರಿಗಿಂತ ಹದಿಮೂರು ವರ್ಷ ಚಿಕ್ಕವಳು. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿದ್ದರಿಂದ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಇವರೇ. ನಾನು ಮದುವೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು. ಮೊದಲನೇ ದಿನವೇ, "ಅತ್ತಿಗೆ, ಅಣ್ಣನಿಗೆ ಜಡೆ ಹಾಕೋಕೆ ಬರಲ್ಲ, ಇನ್ಮೇಲೆ ನೀವೇ ಹಾಕಿ," ಎಂದು ಬಾಚಣಿಗೆ ತಂದು ಕೈಗೆ ಕೊಟ್ಟಳು. ನಮಗೆ ಮಕ್ಕಳಾಗಲಿಲ್ಲ. ಆ ಕೊರಗು ನಮ್ಮನ್ನು ಪೂರ್ತಿ ತಿನ್ನದೆ ಉಳಿಸಿದವಳು ಅವಳೇ.

ಮುಂದೆ ಅವಳಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದಳು. ಸಂಜೆ ನಾಲ್ಕೂವರೆಗೆ ಕೌಂಟರು ಮುಚ್ಚಿ ಐದಕ್ಕೆಲ್ಲ ಕ್ಲಬ್ಬಿನ ಚಾಪೆಯ ಮೇಲೆ ಮಲಗಿರುತ್ತಿದ್ದಳು, ಭುಜಕ್ಕೆ ರೈಫಲ್ ಒತ್ತಿಕೊಂಡು. ಮದುವೆಯ ಮಾತೆತ್ತಿದರೆ, "ನನಗೆ ರೈಫಲ್ಲೇ ಸಾಕು, ಅದು ಎದುರುತ್ತರ ಕೊಡಲ್ಲ," ಅನ್ನುತ್ತಿದ್ದಳು. ಗುರಿ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಬಿಲ್ಲೆ ಒಂದು ಪಾಯಿಂಟ್ ಒಂದು. ಹದಿನೆಂಟನೇ ವಯಸ್ಸಿನಿಂದ ಮೂವತ್ತಾರರವರೆಗೆ ಅದು ಬದಲಾಗಿರಲಿಲ್ಲ.

ಅವಳಿಗೆ ಇದ್ದದ್ದು ಒಂದೇ ಆಸೆ. ದೊಡ್ಡ ಪಂದ್ಯಗಳಿಗೆ ಹೋಗುವ ತಂಡದಲ್ಲಿ ಹೆಸರು ಬರಬೇಕು. ಎರಡು ಸಲ ಒಂದೆರಡು ಅಂಕಗಳಲ್ಲಿ ತಪ್ಪಿಹೋಗಿತ್ತು. ಎರಡನೇ ಸಲ ತಪ್ಪಿದ ಮೇಲೆ ಒಂದು ಸಂಜೆ ರಿಪೇರಿ ಕೋಣೆಗೆ ಬಂದು ನಿಂತಳು. ನಾನೂ ಅಲ್ಲೇ ಇದ್ದೆ, ಯಾರದೋ ಕೋಟಿಗೆ ಮೊಣಕೈ ಚರ್ಮ ಅಂಟಿಸುತ್ತಿದ್ದೆ.

"ಅಣ್ಣ, ನನಗೆ ಉಂಗುರದ ಸೈಟು ಬೇಕು. ತಿರುಗಿಸಿದ್ರೆ ತೂತು ಚಿಕ್ಕದು ದೊಡ್ಡದು ಆಗುತ್ತಲ್ಲ, ಅದು."

ಇವರು ಕನ್ನಡಕ ಹಣೆಗೆ ಏರಿಸಿದರು. "ಯಾಕೆ, ಬಿಲ್ಲೆ ಏನು ಮಾಡ್ತು?"

"ಮೋಡ ಬಂತು ಅಂದ್ರೆ ಬೇರೆಯವರೆಲ್ಲ ಮಲಗಿದಲ್ಲೇ ಬೆರಳಲ್ಲಿ ಸ್ವಲ್ಪ ತಿರುಗಿಸಿಕೊಳ್ತಾರೆ. ನಾನು ಎದ್ದು, ಸ್ಕ್ರೂ ಬಿಚ್ಚಿ, ಬಿಲ್ಲೆ ಬದಲಾಯಿಸಿ, ಮತ್ತೆ ಮಲಗಿ ಮೊಣಕೈಗೆ ಜಾಗ ಹುಡುಕೋ ಹೊತ್ತಿಗೆ ಮೋಡ ಹೋಗಿರುತ್ತೆ. ಅಂಕವೂ ಹೋಗಿರುತ್ತೆ."

ಅದು ನಿಜವೇ. ನಮ್ಮ ಕ್ಲಬ್ಬಿನಲ್ಲಿ ಮಲಗುವ ಕಡೆ ಸೂರು, ಗುರಿಯ ಕಡೆ ಬಯಲು. ಒಂದು ಗಂಟೆಯಲ್ಲಿ ಬೆಳಕು ನಾಲ್ಕು ಸಲ ಬದಲಾಗುತ್ತದೆ. ಇವರಿಗೂ ಅದು ಗೊತ್ತಿತ್ತು. ಆದರೂ ಡಬ್ಬಿಯಿಂದ ಅವಳ ಬಿಲ್ಲೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಹೇಳಿದರು.

"ನೋಡಮ್ಮ, ಇದು ಕದಲಲ್ಲ. ಇದರ ಮುಂದೆ ನಿನ್ನ ಕಣ್ಣು ಒಂದು ಕೂದಲಷ್ಟು ಕದಲಿದ್ರೂ ನಿನಗೆ ಗೊತ್ತಾಗುತ್ತೆ, ನನಗೂ ಗೊತ್ತಾಗುತ್ತೆ. ಉಂಗುರ ಹಾಗಲ್ಲ, ನೀನು ಹೇಳಿದ ಹಾಗೆ ಕೇಳುತ್ತೆ. ಎಲ್ಲದಕ್ಕೂ ಹೂಂ ಅನ್ನುತ್ತೆ."

"ಮೋಡಕ್ಕೂ ನಿನ್ನ ಚೀಟಿ ತರಬೇಕಾ ಅಣ್ಣ ಹಾಗಾದ್ರೆ?"

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. "ತರಿಸಿಕೊಡ್ರೀ ಅವಳಿಗೆ. ಇನ್ನೆಷ್ಟು ವರ್ಷ ಹೀಗೆ ಎರಡು ಅಂಕಕ್ಕೆ ಅಳಬೇಕು ಅವಳು? ತಂಗಿಗಿಂತ ನಿಮಗೆ ಬಿಲ್ಲೆ ಹೆಚ್ಚಾಯ್ತಾ?" ಎಂದುಬಿಟ್ಟೆ. ಇವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಒಂದು ತಿಂಗಳಲ್ಲಿ ಉಂಗುರ ಬಂತು.

ಚೆಂದದ ವಸ್ತು. ಒಳಗೆ ತೆಳ್ಳನೆಯ ಆರು ಉಕ್ಕಿನ ಎಲೆಗಳು, ಹೊರಗೆ ಅಂಕಿ ಕೊರೆದ ಉಂಗುರ. ಒಂದೊಂದು ಅಂಕಿ ದಾಟಿದಾಗಲೂ ಕಟಕ್ ಎಂದು ಬೆರಳಿಗೆ ಸಣ್ಣದಾಗಿ ತಾಗುತ್ತದೆ. ಇವರು ಭೂತಗನ್ನಡಿ ಇಟ್ಟುಕೊಂಡು ಒಂದು ಪಾಯಿಂಟ್ ಒಂದರ ಗೆರೆಯ ಮೇಲೆ ಕೆಂಪು ಬಣ್ಣದ ಸಣ್ಣ ಚುಕ್ಕೆ ಇಟ್ಟರು. "ಇದು ನಿನ್ನ ಮನೆ. ಮೋಡ ಬಂದ್ರೆ ಹೊರಗೆ ಹೋಗು, ಮೋಡ ಹೋದ್ಮೇಲೆ ಇಲ್ಲಿಗೆ ವಾಪಸ್ ಬಾ," ಎಂದರು. ಅವಳು ನಕ್ಕು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ಅಣ್ಣನ ಭುಜಕ್ಕೆ ತಲೆ ಗುದ್ದಿದಳು.

ಎಲೆಗಳ ನಡುವೆ ಧೂಳು ಕೂತರೆ ಉಂಗುರ ಬಿಗಿಯಾಗುತ್ತದೆ. ಅದಕ್ಕೇ ಪ್ರತಿ ತಿಂಗಳ ಮೊದಲ ಸೋಮವಾರ, ಕ್ಲಬ್ಬಿಗೆ ರಜೆಯ ದಿನ, ಇವರು ಅದನ್ನು ಶುದ್ಧ ಮಾಡುತ್ತಿದ್ದರು. ಉಂಗುರವನ್ನು ಪೂರ್ತಿ ತೆರೆಯುವುದು, ಮೆತ್ತನೆಯ ಬ್ರಷ್ಷು ಆಡಿಸುವುದು, ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ ಮುಟ್ಟಿಸುವುದು, ಒರೆಸುವುದು, ಮತ್ತೆ ಕೆಂಪು ಚುಕ್ಕೆಗೆ ತಂದು ನಿಲ್ಲಿಸುವುದು. ಎಷ್ಟೋ ಸಲ ನಾನು ಎದುರಿಗೇ ಕೂತು ಕೋಟಿಗೆ ಗುಂಡಿ ಹಾಕುತ್ತಾ ಅದನ್ನು ನೋಡಿದ್ದೇನೆ. ನನ್ನ ಜೊತೆ ಮಾತಾಡುತ್ತಲೇ ಇವರ ಕೈ ಅಷ್ಟನ್ನೂ ಮಾಡಿ ಮುಗಿಸುತ್ತಿತ್ತು.

ಮೊದಲನೇ ವರ್ಷ ಒಂದು ಸಲ ಅವಳು, "ಅಣ್ಣ, ನೀನು ಕ್ಲೀನ್ ಮಾಡಿದ ಮಾರನೇ ದಿನ ಸ್ವಲ್ಪ ಕತ್ತಲೆ ಅನ್ನಿಸುತ್ತೆ," ಎಂದಿದ್ದಳು. "ಎಣ್ಣೆ ಜಾಸ್ತಿ ಆಗಿರಬೇಕು," ಎಂದು ಇವರು ಮುಂದಿನ ತಿಂಗಳಿಂದ ಅರ್ಧ ಹನಿಗೆ ಇಳಿಸಿದರು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಎಣ್ಣೆಯದೇ ತೊಂದರೆ ಇರಬೇಕು ಅಂದುಕೊಂಡು ನಾವೂ ಮರೆತೆವು.

ಮೂರನೇ ವರ್ಷ ಅವಳು ಬಾಗಿಲಿನ ಚೌಕಟ್ಟಿಗೆ ಬಲ ಭುಜ ಬಡಿದುಕೊಳ್ಳತೊಡಗಿದಳು. ಮೇಜಿನ ಬಲ ತುದಿಯಲ್ಲಿಟ್ಟ ಲೋಟಕ್ಕೆ ಕೈ ತಾಗಿಸಿ ಎರಡು ಸಲ ನಾನು ಕತ್ತರಿಸಿಟ್ಟ ಕ್ಯಾನ್ವಾಸಿನ ಮೇಲೆ ಟೀ ಚೆಲ್ಲಿದಳು. "ಕಣ್ಣು ಕಾಣಿಸಲ್ವೇನೇ ನಿನಗೆ?" ಎಂದು ಬೈದೆ. ಎಲ್ಲರೂ ಎಲ್ಲರಿಗೂ ಬೈಯುವ ಮಾತು ಅದು. ಈಗ ನೆನೆಸಿಕೊಂಡರೆ ನಾಲಿಗೆ ಸುಟ್ಟುಕೊಳ್ಳಬೇಕು ಅನ್ನಿಸುತ್ತದೆ. ಅವಳು ಆಗ, "ಸಾರಿ ಅತ್ತಿಗೆ, ನಿದ್ದೆ ಸಾಲ್ತಿಲ್ಲ," ಎಂದು ಬಟ್ಟೆ ತಂದು ಒರೆಸಿದಳು.

ಆ ವರ್ಷವೇ ತಂಡದ ಪಟ್ಟಿಯಲ್ಲಿ ಅವಳ ಹೆಸರು ಬಂತು. ನಾಲ್ಕನೆಯ ಹೆಸರು. ಕ್ಲಬ್ಬಿನ ಬೋರ್ಡಿನ ಮುಂದೆ ನಿಂತು ಇವರು ಆ ಒಂದು ಹಾಳೆಯನ್ನು ಅದೆಷ್ಟು ಸಲ ಓದಿದರೋ ಗೊತ್ತಿಲ್ಲ. ನಾನು ಹೊಸ ಕೋಟಿಗೆ ಬಟ್ಟೆ ಕತ್ತರಿಸಿದೆ, ನೀಲಿ ಮತ್ತು ಬಿಳಿ. ತಂಡಕ್ಕೆ ಸೇರುವ ಮೊದಲು ಎಲ್ಲರಿಗೂ ವೈದ್ಯಕೀಯ ತಪಾಸಣೆ, ಅದು ಬಿದ್ದದ್ದು ಆ ತಿಂಗಳ ಮೊದಲ ಸೋಮವಾರವೇ. ಹೃದಯ, ರಕ್ತ, ಕಿವಿ, ಕಣ್ಣು.

ಕಣ್ಣಿನ ಡಾಕ್ಟರು ಅವಳನ್ನು ಹೊರಗೆ ಕಳಿಸದೆ, ನಮ್ಮಿಬ್ಬರನ್ನೂ ಒಳಗೆ ಕರೆಸಿದರು. ಅವಳ ಕಣ್ಣಿನೊಳಗೆ ಒತ್ತಡ ಏರಿ, ಗುರಿ ಇಡುವ ಬಲಗಣ್ಣಿನ ನರ ಬಹುಪಾಲು ಒಣಗಿಹೋಗಿತ್ತು. ನಡುವೆ ಒಂದು ಸಣ್ಣ ಕಿಂಡಿಯಷ್ಟು ನೋಟ ಉಳಿದಿತ್ತು, ಅದೂ ಮಬ್ಬು. ಇದಕ್ಕೆ ನೋವಿಲ್ಲ, ಕೆಂಪಾಗುವುದಿಲ್ಲ, ಹೋದದ್ದು ವಾಪಸ್ ಬರುವುದಿಲ್ಲ ಎಂದರು. ಎಡಗಣ್ಣು ಸದ್ಯಕ್ಕೆ ಉಳಿದಿದೆ, ಜೀವಮಾನವಿಡೀ ಎರಡು ಹೊತ್ತು ಔಷಧಿಯ ಹನಿ ಹಾಕಿಕೊಂಡು ಅದನ್ನಾದರೂ ಕಾಪಾಡಿಕೊಳ್ಳಬೇಕು ಎಂದರು.

"ಮೂರು ವರ್ಷದಿಂದಾದ್ರೂ ಶುರುವಾಗಿರಬೇಕು. ನೀವು ಗುರಿ ಇಡೋರು, ಬೆಳಕು ಕಡಿಮೆ ಆಗ್ತಿದೆ ಅಂತ ಗೊತ್ತಾಗಲೇ ಇಲ್ವಾ?"

"ಉಂಗುರ ತಿರುಗಿಸಿಕೊಳ್ತಿದ್ದೆ," ಎಂದಳು ಅವಳು.

ನಮ್ಮವರು ಕುರ್ಚಿಯಿಂದ ಅರ್ಧ ಎದ್ದರು. "ಎಲ್ಲಿವರೆಗೂ?"

"ನೋಡಿಲ್ಲ ಅಣ್ಣ. ಕಾಣೋವರೆಗೂ."

ಅವಳನ್ನು ನನ್ನ ಜೊತೆ ಮನೆಗೆ ಕಳಿಸಿ ಇವರು ನೇರ ಕ್ಲಬ್ಬಿಗೆ ಹೋದರು. ಸಂಜೆ ಬಂದು, ನನ್ನ ಹೊಲಿಗೆ ಮೇಜಿನ ಮೇಲೆ, ನೀಲಿ ಬಿಳಿ ಬಟ್ಟೆಯ ಮೇಲೆ ಆ ಉಂಗುರವನ್ನು ಇಟ್ಟರು. ಕೆಂಪು ಚುಕ್ಕೆ ಪಕ್ಕಕ್ಕೆ ಸರಿದುಹೋಗಿತ್ತು. ಉಂಗುರ ಎರಡು ಪಾಯಿಂಟ್ ಎರಡರಲ್ಲಿ ನಿಂತಿತ್ತು.

"ಇದು ಅವಳು ಬಿಟ್ಟ ಜಾಗ," ಎಂದರು. "ಬಿಲ್ಲೆ ಆಗಿದ್ರೆ ಎರಡನೇ ಸಲಕ್ಕೇ ನನ್ನ ಹತ್ತಿರ ಬರಬೇಕಿತ್ತು. ಚೀಟಿ ಕೇಳ್ತಿದ್ದೆ. ಹೋಗಲಿ, ಉಂಗುರ ಎಲ್ಲಿ ನಿಂತಿದೆ ಅಂತ ತಿಂಗಳಿಗೊಮ್ಮೆ ನೋಡಿದ್ರೂ ಸಾಕಿತ್ತು. ತಿಂಗಳು ತಿಂಗಳು ಅದು ನನ್ನ ಕೈಯಲ್ಲೇ ಇತ್ತು ಕಣೇ. ಮೂವತ್ತಾರು ಸಲ. ಮೂವತ್ತಾರು ಸಲವೂ ನೋಡದೆ ತೆರೆದು, ಚುಕ್ಕೆಗೆ ತಂದು ಇಟ್ಟಿದ್ದೀನಿ. ಕಾಯಿಲೆ ಬರೆದಿಟ್ಟ ಗುರುತನ್ನ ನಾನೇ ಒರೆಸಿಹಾಕಿದ್ದೀನಿ."

ನಾನು ಏನೇನೋ ಹೇಳಿದೆ. ಉಂಗುರ ತರಿಸಿ ಅಂದವಳು ನಾನು ಎಂದೆ. ಅದೃಷ್ಟ ಎಂದೆ. ಇವರು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ನನ್ನ ಕೈ ಹಿಡಿದುಕೊಂಡು, "ಅವಳಿಗೆ ಇದು ಗೊತ್ತಾಗಬಾರದು. ಕಣ್ಣು ಹೋಗಿದ್ದು ಸಾಕು, ಅಣ್ಣನೂ ಹೋಗೋದು ಬೇಡ ಅವಳಿಗೆ," ಎಂದರು. ಆಯಿತು ಎಂದು ಮಾತು ಕೊಟ್ಟೆ. ನೀಲಿ ಬಿಳಿ ಬಟ್ಟೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ.

ಆಮೇಲೆ ಇವರು ಆರು ವರ್ಷ ಬದುಕಿದ್ದರು. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಕ್ಲಬ್ಬಿನಲ್ಲಿ ಯಾರ ಉಂಗುರ ಶುದ್ಧ ಮಾಡಲು ಬಂದರೂ, ಅದು ಯಾವ ಅಂಕಿಯಲ್ಲಿ ನಿಂತಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಮುಟ್ಟುತ್ತಿದ್ದರು. ಹೊಸದಾಗಿ ಬಂದವರು ಬಿಲ್ಲೆಯೋ ಉಂಗುರವೋ ಎಂದು ಕೇಳಿದರೆ ಅವರಿಗೆ ಬೇಕಾದ್ದನ್ನೇ ಕೊಡುತ್ತಿದ್ದರು, ವಾದ ಮಾಡುತ್ತಿರಲಿಲ್ಲ. ತಮಾಷೆ ಮಾಡಿದರೆ ನಗುತ್ತಿರಲಿಲ್ಲ. ಬಿಲ್ಲೆ ಡಾಕ್ಟ್ರು ಎಂದು ಯಾರಾದರೂ ಕರೆದರೆ ಮುಖ ಆಚೆ ತಿರುಗಿಸುತ್ತಿದ್ದರು. ಬರುಬರುತ್ತಾ ಜನ ಹಾಗೆ ಕರೆಯುವುದನ್ನೂ ಬಿಟ್ಟರು.

ಮನೆಯಲ್ಲಿ ನನ್ನ ಕತ್ತರಿ ನಾನು ಎಲ್ಲಿ ಇಟ್ಟರೆ ಅಲ್ಲೇ ಬಿದ್ದಿರುತ್ತಿತ್ತು. ರೇಡಿಯೋ ಎಷ್ಟು ಕಿರುಚಿದರೂ ಇವರ ಕೈ ಗುಂಡಿಯ ಕಡೆ ಹೋಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಯಾವುದಕ್ಕೆ ಜಗಳ ಆಡಿದ್ದೆನೋ ಅದು ನಿಂತೇಹೋಗಿತ್ತು. ನಿಂತ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಿದ್ದೇನೆ. ಒಂದು ದಿನ ಬೇಕಂತಲೇ ಕತ್ತರಿಯನ್ನು ಅವರ ಚಪ್ಪಲಿಯ ಮೇಲೆ ಇಟ್ಟೆ. ಅವರು ಅದನ್ನು ಮೆಲ್ಲಗೆ ಎತ್ತಿ, ನೆಲದ ಮೇಲೆ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೋದರು.

ಮೊದಲ ಸೋಮವಾರ ಮಾತ್ರ ತಪ್ಪಿಸಲಿಲ್ಲ. ಅವಳ ಹಳೆಯ ಬಿಲ್ಲೆಯನ್ನು ಒಂದು ಮರದ ಹಿಡಿಗೆ ಕೂರಿಸಿದ್ದರು. ನಮ್ಮ ಮನೆಯ ನಡುವಿನ ಓಣಿಯ ಕೊನೆಗೆ, ದೀಪದ ಕೆಳಗೆ, ಕಪ್ಪು ಚುಕ್ಕೆಯ ಕಾರ್ಡು. ಅಂಚೆ ಕಚೇರಿಯಿಂದ ಬಂದವಳನ್ನು ಇತ್ತ ತುದಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಎಡಗಣ್ಣಿಗೆ ಬಿಲ್ಲೆ ಹಿಡಿಯುತ್ತಿದ್ದರು.

"ಹೇಗಿದೆ?"

"ಚೆನ್ನಾಗಿ ಕಾಣುತ್ತೆ ಅಣ್ಣ."

"ಹೋದ ತಿಂಗಳ ಹಾಗೇನಾ?"

"ಹಾಗೇ."

ಅಷ್ಟು ಹೇಳಿ ಅವಳು ಟೀ ಕುಡಿದು ತನ್ನ ಬಾಡಿಗೆ ಕೋಣೆಗೆ ಹೋಗುತ್ತಿದ್ದಳು. ಅಣ್ಣನ ಮೇಲೆ ಅವಳಿಗೆ ಆ ವರ್ಷಗಳಲ್ಲಿ ಎಂದೂ ಇಲ್ಲದ ಅಕ್ಕರೆ. ಅವರ ಅಂಗಿಗೆ ಇಸ್ತ್ರಿ ಹಾಕುವಳು, ಹಣ್ಣು ತಂದು ಸುಲಿದು ಕೊಡುವಳು. ಏನೂ ಗೊತ್ತಿಲ್ಲದೆಯೇ ಕ್ಷಮಿಸುತ್ತಿದ್ದಾಳೆ, ಪಾಪ ಎಂದುಕೊಳ್ಳುತ್ತಿದ್ದೆ. ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತುದಿಯವರೆಗೆ ಬಂತೋ. ಕೊಟ್ಟ ಮಾತು ನೆನಪಾಗಿ ನುಂಗಿಕೊಂಡೆ.

ಆರನೇ ವರ್ಷ ಇವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಎಂಟನೇ ದಿನ ಮಧ್ಯಾಹ್ನ ಅವಳು ಮಂಚದ ಆಚೆ ಬದಿ, ನಾನು ಈಚೆ ಬದಿ. ಇವರು ಅವಳ ಎಡಗಣ್ಣನ್ನೇ ನೋಡುತ್ತಾ, "ಹನಿ ಹಾಕ್ಕೊಂಡ್ಯಾ?" ಎಂದರು. ಹಾಕಿಕೊಂಡೆ ಎಂದಳು. ಆಮೇಲೆ, "ಆ ಉಂಗುರ..." ಎಂದು ಶುರುಮಾಡಿದರು. "ಆಯಾಸ ಮಾಡ್ಕೋಬೇಡಿ, ಮಲ್ಕೊಳ್ಳಿ," ಎಂದು ಹೊದಿಕೆ ಎಳೆದೆ. ಅವಳೂ ಗಡಿಬಿಡಿಯಲ್ಲಿ, "ಹೌದಣ್ಣ, ಮಾತಾಡಬೇಡ, ಆಮೇಲೆ ಮಾತಾಡೋಣ," ಎಂದಳು. ಇಬ್ಬರೂ ಸೇರಿ ಅವರ ಬಾಯಿ ಮುಚ್ಚಿಸಿದೆವು. ಮಾರನೇ ದಿನ ಬೆಳಗ್ಗೆ ಅವರು ಹೋದರು.

ಎರಡು ವಾರದ ಮೇಲೆ ಕ್ಲಬ್ಬಿನವರು ಕೋಣೆ ಖಾಲಿ ಮಾಡಿಕೊಡಿ ಎಂದು ಹೇಳಿ ಕಳಿಸಿದರು. ನಾನೂ ನಾದಿನಿಯೂ ಹೋದೆವು. ಗಿಡ್ಡ ಕಾಲಿನ ಸ್ಟೂಲು, ರಟ್ಟು, ಡ್ರಾಯಿಂಗ್ ಮೇಷ್ಟ್ರ ಚಿತ್ರ, ಹೆಸರು ಬರೆದ ಬಿಲ್ಲೆ ಡಬ್ಬಿಗಳು. ಕೆಳಗಿನ ಡ್ರಾಯರಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಉಂಗುರ ಸಿಕ್ಕಿತು. ಯಾವಾಗ ತಂದಿಟ್ಟಿದ್ದರೋ, ಕೆಂಪು ಚುಕ್ಕೆಗೆ ತಂದೇ ಇಟ್ಟಿದ್ದರು. ನಾನು ಅದನ್ನು ಬಚ್ಚಿಡಲು ನೋಡಿದೆ. ಅಷ್ಟರಲ್ಲಿ ಅವಳು ಕೈ ಚಾಚಿದಳು.

ಸ್ಟೂಲಿನ ಮೇಲೆ ಕೂತು, ಎರಡೂ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಉಂಗುರ ತಿರುಗಿಸಿದಳು. ಕಟಕ್.

"ಒಂದು," ಎಂದಳು. ಕಟಕ್. "ಎರಡು. ಮೊದಲನೇ ವರ್ಷ ಇಲ್ಲಿವರೆಗೂ, ಅತ್ತಿಗೆ." ಮೂರು, ನಾಲ್ಕು, ಐದು ಎಂದು ಎಣಿಸಿ ನಿಂತಳು. "ಎರಡನೇ ವರ್ಷ." ಮತ್ತೆ ತಿರುಗಿಸಿದಳು. ಹನ್ನೊಂದಕ್ಕೆ ಬಂದಾಗ ಬೆರಳು ನಿಂತಿತು. "ಪಟ್ಟಿಯಲ್ಲಿ ಹೆಸರು ಬಂದ ವಾರ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ನೋಡಿಲ್ಲ ಅಂದಿದ್ದೆಯಲ್ಲೇ ಡಾಕ್ಟ್ರ ಹತ್ತಿರ."

"ನೋಡಿರಲಿಲ್ಲ. ಎಣಿಸ್ತಿದ್ದೆ." ಕಣ್ಣು ಇನ್ನೂ ತೆರೆದಿರಲಿಲ್ಲ. "ಎರಡು ಕಟಕ್ ದಾಟಿದಾಗಲೇ ಗೊತ್ತಾಗಿತ್ತು ಅತ್ತಿಗೆ, ಕಣ್ಣಲ್ಲಿ ಏನೋ ಆಗಿದೆ ಅಂತ. ಅಣ್ಣನಿಗೆ ಹೇಳಿದ್ರೆ ಚೀಟಿ ಅಂತಾನೆ. ಡಾಕ್ಟ್ರು ಶೂಟಿಂಗ್ ನಿಲ್ಲಿಸು ಅಂತಾರೆ. ಒಂದು ಸಲ ಪಟ್ಟಿಗೆ ಬಂದುಬಿಡ್ಲಿ, ಆಮೇಲೆ ತೋರಿಸ್ತೀನಿ ಅಂದ್ಕೊಂಡೆ. ಮೊದಲ ಸೋಮವಾರ ಅವನು ಕ್ಲೀನ್ ಮಾಡ್ತಾನೆ, ಅಂಕಿ ನೋಡಿಬಿಡ್ತಾನೆ ಅಂತ ಹಿಂದಿನ ದಿನವೇ ನಾನು ಚುಕ್ಕೆಗೆ ತಿರುಗಿಸಿ ಇಟ್ಟು ಹೋಗ್ತಿದ್ದೆ. ಒಂದು ತಿಂಗಳೂ ತಪ್ಪಿಸಿರಲಿಲ್ಲ. ಹೆಸರು ಬಂದ ಖುಷಿಯಲ್ಲಿ ಆ ಒಂದು ಸಲ, ತಪಾಸಣೆಯ ಹಿಂದಿನ ದಿನ, ಮರೆತೆ."

ಕೋಣೆಯ ಹೊರಗೆ ಯಾರೋ ಗುರಿ ಅಭ್ಯಾಸ ಮಾಡುತ್ತಿದ್ದರು. ಒಂದೊಂದೇ ಗುಂಡಿನ ಸದ್ದು ಕೇಳುತ್ತಿತ್ತು.

"ಆಸ್ಪತ್ರೆಯಲ್ಲಿ ಅಣ್ಣ ಉಂಗುರ ಅಂದಾಗ ನನ್ನ ಜೀವವೇ ಹೋಯ್ತು. ಅವನಿಗೆ ನನ್ನ ಕಳ್ಳಾಟ ಗೊತ್ತಾಗಿದೆ, ಕೇಳ್ತಾನೆ ಅನ್ನಿಸ್ತು. ಅದಕ್ಕೇ ಮಾತಾಡಬೇಡ ಅಂದೆ. ಆರು ವರ್ಷದಿಂದ ಹೇಳಬೇಕು ಅಂತಲೇ ಇದ್ದೆ. ಎಷ್ಟು ನಂಬಿದ್ದ ನನ್ನ, ಅವನ ಮುಖ ನೋಡಿ ಬಾಯೇ ಬರ್ತಿರಲಿಲ್ಲ."

ನಾನು ಕೈ ಎತ್ತಿದೆ. ಹೊಡೆಯುವುದಕ್ಕೇ ಎತ್ತಿದೆ, ಸುಳ್ಳು ಯಾಕೆ ಹೇಳಲಿ. ಎತ್ತಿದ ಕೈ ಅವಳ ತಲೆಯ ಹತ್ತಿರ ಹೋಗಿ ನಿಂತಿತು. ಬಲಗಡೆಯಿಂದ ಎತ್ತಿದ್ದೆ. ಅವಳು ಕಣ್ಣು ತೆರೆದಿದ್ದಳು, ಆದರೂ ಅವಳಿಗೆ ಅದು ಕಾಣಿಸಲಿ​ಲ್ಲ, ತಲೆ ಸರಿಸಲಿಲ್ಲ.

ಕೈ ಇಳಿಸಿ, ನೆಲದ ಮೇಲೆ ಕೂತು, ಎಲ್ಲ ಹೇಳಿಬಿಟ್ಟೆ. ಮೂವತ್ತಾರು ಸಲ ಎಂದದ್ದು, ಕಾಯಿಲೆಯ ಗುರುತನ್ನು ನಾನೇ ಒರೆಸಿಹಾಕಿದೆ ಎಂದದ್ದು, ನನ್ನಿಂದ ಮಾತು ತೆಗೆದುಕೊಂಡದ್ದು, ನಗು ನಿಂತದ್ದು, ಕತ್ತರಿ ಬಿದ್ದಲ್ಲೇ ಬಿದ್ದಿದ್ದು. ಅವರು ಒರೆಸಿದ್ದು ಅವಳು ಆಗಲೇ ಒರೆಸಿಟ್ಟಿದ್ದನ್ನು. ನೋಡಿದ್ದರೂ ಅವರಿಗೆ ಏನೂ ಕಾಣುತ್ತಿರಲಿಲ್ಲ. ಆ ಒಂದು ಮಾತು ಅವರ ಕಿವಿಗೆ ಬಿದ್ದಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅವಳು ಅದೇ ದಿನ ಓಡಿಹೋಗಿ ಅಣ್ಣನ ಕಾಲು ಹಿಡಿಯುತ್ತಿದ್ದಳು. ಮನೆಯಲ್ಲಿ ಸದಾ ವಟವಟ ಅನ್ನುವ ಹೆಂಗಸು ನಾನು. ಬೇಕಾದ ಒಂದು ಮಾತಿಗೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅವಳು ಅಳಲಿಲ್ಲ. ಉಂಗುರವನ್ನು ಒಂದೊಂದೇ ಕಟಕ್ ಎನಿಸುತ್ತಾ ಹಿಂದಕ್ಕೆ ತಿರುಗಿಸುತ್ತಾ ಹೋದಳು. ಚುಕ್ಕೆಗೆ ಬಂದ ಮೇಲೂ ಬೆರಳು ತಿರುಗಿಸುತ್ತಲೇ ಇತ್ತು. ಎಲೆಗಳು ಕೂಡಿಕೊಂಡು ತೂತು ಸೂಜಿಮೊನೆಯಷ್ಟಾಗಿ, ಮುಂದೆ ತಿರುಗಲಾರದೆ ನಿಂತಿತು. ಅವಳ ಕೈಯಿಂದ ನಾನೇ ಅದನ್ನು ಬಿಡಿಸಿಕೊಂಡೆ.

ಮುಂದಿನ ತಿಂಗಳ ಮೊದಲ ಸೋಮವಾರ ಅವಳು ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಐದು ಗಂಟೆಗೆ ಬಂದಳು. ನೇರ ಹೋಗಿ ಓಣಿಯ ತುದಿಯ ಕುರ್ಚಿಯ ಮೇಲೆ ಕೂತಳು. ನಾನು ಕತ್ತರಿಸುತ್ತಿದ್ದ ಬಟ್ಟೆ ಬಿಟ್ಟು, ದೀಪ ಹಾಕಿ, ಮರದ ಹಿಡಿ ತಂದು ಅವಳ ಎಡಗಣ್ಣಿಗೆ ಬಿಲ್ಲೆ ಹಿಡಿದೆ.

"ಹೇಗಿದೆ?"

"ಚೆನ್ನಾಗಿ..." ಎಂದವಳು ನಿಲ್ಲಿಸಿದಳು. ಬಹಳ ಹೊತ್ತು ನೋಡಿದಳು.

"ಸ್ವಲ್ಪ ಕತ್ತಲೆ ಇದೆ ಅತ್ತಿಗೆ."

"ಹೋದ ತಿಂಗಳಿಗಿಂತನಾ?"

"ಹೋದ ತಿಂಗಳೂ ಇತ್ತು. ಅದರ ಹಿಂದಿನ ತಿಂಗಳೂ ಇತ್ತು. ಅಣ್ಣನಿಗೆ ಹೇಳಿರಲಿಲ್ಲ."

ನನಗೆ ಬೈಯಲು ನೂರು ಮಾತು ಬಂದವು. ಒಂದನ್ನೂ ಆಡಲಿಲ್ಲ. ಕಣ್ಣಿನ ಡಾಕ್ಟರು ಏಳರವರೆಗೆ ಇರುತ್ತಾರೆ.

"ಏಳು, ಚೀಟಿ ತರೋಣ," ಎಂದೆ. ಅವಳು ಗೋಡೆ ಹಿಡಿದುಕೊಂಡು ಎದ್ದಳು. ನಾನು ಮೇಜಿನ ಮೇಲೆ ಬಿದ್ದಿದ್ದ ಕತ್ತರಿಯನ್ನು ತೆಗೆದು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿ, ಅವಳ ಬಲಗಡೆಗೆ ಬಂದು ಕೈ ಹಿಡಿದೆ.